ಗ್ರಾಮ ಲೆಕ್ಕಿಗರಾಗಿದ್ದ ಅಪ್ಪನ ನೆನಪು ಬರೆದಿಡಬೇಕು, ಎಲ್ಲಿಂದ ಶುರು ಮಾಡಲಿ?

ಸಾಗರದ ಮಗಳು:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಅಪ್ಪ ತೀರಿಕೊಂಡರು. 79 ವರ್ಷ ಆಗಿತ್ತು. 1968ರಲ್ಲಿ ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗರಾಗಿ ಸೇರಿದವರು, ಆಮೇಲೆ ಕಂದಾಯ ನಿರೀಕ್ಷಕರು, ಅಂದರೆ ಶೇಕ್‌ದಾರರಾದರು, 2004ರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದರು. ಸರ್ವೀಸಿನ ಬಹುಪಾಲು ನಮ್ಮ ಸಾಗರ ತಾಲ್ಲೂಕಿನಲ್ಲೇ, ಅದರಲ್ಲೂ ಮೊದಲ ಹಲವು ವರ್ಷ ಶರಾವತಿ ಹಿನ್ನೀರಿನ ಆಚೆ ಕರೂರು ಹೋಬಳಿಯಲ್ಲಿ.

ವರ್ಷದ ಕಾರ್ಯದ ಹೊತ್ತಿಗೆ ಅಪ್ಪನ ಬಗ್ಗೆ ಒಂದು ಸಣ್ಣ ಪುಸ್ತಕ ಮಾಡಿ ನೆಂಟರಿಷ್ಟರಿಗೆ ಕೊಡೋಣ ಅಂತ ನಾನು, ನನ್ನ ತಮ್ಮ ಮಾತಾಡಿಕೊಂಡಿದ್ದೇವೆ. ಮುಖ್ಯವಾಗಿ ನಮ್ಮ ಮಕ್ಕಳಿಗಾಗಿ. ಅವರಿಗೆ ಗೊತ್ತಿರುವುದು ಅಜ್ಜ ಮಾತ್ರ. ಬೆಳಗ್ಗೆ ಭದ್ರಾವತಿ ಆಕಾಶವಾಣಿ ಹಾಕಿಕೊಂಡು ಅಡಿಕೆ ಕತ್ತರಿಸುವ ಅಜ್ಜ, ರಜೆಗೆ ಬಂದವರನ್ನು ಅಂಗಳದಲ್ಲಿ ನಿಲ್ಲಿಸಿ ಹಗ್ಗ ಹಿಡಿಸಿ 33 ಅಡಿ ಉದ್ದ 33 ಅಡಿ ಅಗಲ ಅಳೆಸಿ 'ಇದು ಒಂದು ಗುಂಟೆ, ಇಂಥದ್ದು 40 ಸೇರಿದರೆ ಎಕರೆ, ಇದನ್ನೇ 16 ಪಾಲು ಮಾಡಿದರೆ ಒಂದು ಆಣೆ' ಅಂತ ಹೇಳಿಕೊಡುವ ಅಜ್ಜ. ನನ್ನ ಮಗನಿಗೆ ಈಗಲೂ ಯಾವ ಸೈಟು ನೋಡಿದರೂ ಆಣೆಯಲ್ಲಿ ಲೆಕ್ಕ ಹಾಕುವುದು ರೂಢಿ.

ಆದರೆ ಆಫೀಸಿನ ಅಪ್ಪ ನಮಗೇ ಸರಿಯಾಗಿ ಗೊತ್ತಿಲ್ಲ. ಅವರು ಮನೆಯಲ್ಲಿ ಕೆಲಸದ ಮಾತು ಆಡುತ್ತಿರಲಿಲ್ಲ. ಕೇಳಿದರೆ 'ಅದೆಲ್ಲ ಸರ್ಕಾರದ ವಿಷಯ' ಅಂತ ಮುಗಿಸುತ್ತಿದ್ದರು. ಈಗ ಕಾರ್ಯಕ್ಕೆ ಬಂದವರಲ್ಲಿ ಅರ್ಧ ಜನ ನಮಗೆ ಪರಿಚಯವೇ ಇಲ್ಲದವರು. ತುಮರಿ ಕಡೆಯಿಂದ, ಬ್ಯಾಕೋಡು ಕಡೆಯಿಂದ ಬಂದಿದ್ದರು. ಒಬ್ಬ ವಯಸ್ಸಾದ ಹೆಂಗಸು ಅಮ್ಮನ ಕೈ ಹಿಡಿದುಕೊಂಡು ತುಂಬಾ ಹೊತ್ತು ಕೂತಿದ್ದರು. ಇವರಿಗೆಲ್ಲ ಅಪ್ಪ ಏನಾಗಿದ್ದರು ಅಂತ ನಮಗೆ ಹೇಳುವವರು ಯಾರು?

ಕಪಾಟಿನಲ್ಲಿ ಅವರ ಪಾಕೆಟ್ ಡೈರಿಗಳು, ಒಂದಷ್ಟು ಹಳೇ ವರ್ಗಾವಣೆ ಆದೇಶ, ಫೋಟೋ ಇವೆ. ಡೈರಿಯಲ್ಲಿ 'ತುಮರಿ. ಸ್ಥಳ ತನಿಖೆ. ಲಾಂಚ್ ತಪ್ಪಿತು' ಅಂತ ಮೂರು ನಾಲ್ಕು ಮಾತು ಬಿಟ್ಟರೆ ಏನೂ ಇಲ್ಲ. ಸುಮ್ನೆ 'ಪ್ರಾಮಾಣಿಕ, ಸರಳ ಜೀವಿ, ಅಜಾತಶತ್ರು' ಅಂತ ಬರೆದು ಮುಗಿಸಲು ಮನಸ್ಸಿಲ್ಲ. ಇಂಥದ್ದನ್ನು ಮಾಡಿದವರು ಯಾರಾದರೂ ಇದ್ದರೆ, ಇಲಾಖೆಯಲ್ಲಿ ಇದ್ದವರು ಇದ್ದರೆ, ದಯವಿಟ್ಟು ದಾರಿ ತೋರಿಸಿ.


ದಫ್ತರದವರು:

ತಂಗೀ, ನಿಮ್ಮ ತಂದೆಯವರ ಆತ್ಮಕ್ಕೆ ಶಾಂತಿ ಸಿಗಲಿ. ನಾನೂ ಅದೇ ಇಲಾಖೆಯಲ್ಲಿ ಸವೆದವನು, ನಿಮ್ಮ ಜಿಲ್ಲೆ ಅಲ್ಲ, ಹಾಸನ ಕಡೆ. ನಿಮ್ಮ ತಂದೆಗಿಂತ ಕೆಲವು ವರ್ಷ ಕಿರಿಯ. ನಿಮ್ಮ ಪ್ರಶ್ನೆ ಓದಿ ಮೊಬೈಲ್ ಕೆಳಗಿಡಲು ಆಗಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು 1968 ಅನ್ನುವ ವರ್ಷ ನೋಡಿ. ಅದಕ್ಕಿಂತ ಹಿಂದೆ ಊರಿನ ಲೆಕ್ಕ ಶಾನುಭೋಗರ ಮನೆಯಲ್ಲಿ ಇರುತ್ತಿತ್ತು. ಅಪ್ಪನಿಂದ ಮಗನಿಗೆ ಬರುವ ಹುದ್ದೆ. ಪಟೇಲಿಕೆ, ಶಾನುಭೋಗಿಕೆ ರದ್ದು ಮಾಡುವ ಕಾನೂನು 1961ರಲ್ಲಿ ಆಯಿತು, 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಆಮೇಲೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಅಂದರೆ ನಿಮ್ಮ ತಂದೆ ಆ ಹೊಸ ವ್ಯವಸ್ಥೆಯ ಮೊದಮೊದಲ ಹುಡುಗರಲ್ಲಿ ಒಬ್ಬರು. ಯಾರ ಮನೆಯ ಹುಡುಗ ಬೇಕಾದರೂ ಊರಿನ ಪಹಣಿ ಬರೆಯಬಹುದು ಅಂತ ಆದದ್ದು ಆಗಲೇ. ನಿಮ್ಮ ಅಜ್ಜ ಏನು ಮಾಡುತ್ತಿದ್ದರು, ಅವರ ಮನೆಗೆ ಈ ಕೆಲಸ ಹೇಗೆ ಬಂತು ಅಂತ ವಿಚಾರಿಸಿ. ಪುಸ್ತಕ ಅಲ್ಲಿಂದ ಶುರುವಾಗಲಿ ಅಂತ ನನಗೆ ಅನಿಸುತ್ತದೆ.

ಎರಡನೆಯದು 1974. ಮುಖ್ಯಮಂತ್ರಿ ದೇವರಾಜ ಅರಸು ಅವರ ಕಾಲದ ಭೂಸುಧಾರಣೆ. ಆ ವರ್ಷದ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು ಅಂತ ಕಾನೂನು ಹೇಳಿತು, ಉಳುವವನು 'ನಮೂನೆ 7' ತುಂಬಿ ತನ್ನ ಹಕ್ಕು ಕೇಳಬೇಕಿತ್ತು. ಅರ್ಜಿ ಹಾಕಲು ಕೊನೆಗೆ 1979ರ ಜೂನ್ 30ರ ತನಕ ಅವಕಾಶ ಸಿಕ್ಕಿತು. ಭೂ ನ್ಯಾಯಮಂಡಳಿ ಕೂರುತ್ತಿತ್ತು, ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು. ಮೊದಲಿಗೆ ಅಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಓದು ಬರಹ ಬಾರದ ರೈತ ಅಧಿಕಾರಿಗಳ ಎದುರು ಬರಿಗೈಲಿ ನಿಂತಾಗ ಅವನ ಪರವಾಗಿ ಮಾತಾಡುವುದು ಒಂದೇ, ಪಹಣಿ. 9ನೇ ಕಾಲಂನಲ್ಲಿ ಮಾಲೀಕನ ಹೆಸರು, 12ನೇ ಕಾಲಂನಲ್ಲಿ ಸಾಗುವಳಿ ಮಾಡುವವನ ಹೆಸರು. ಆ 12ನೇ ಕಾಲಂ ತುಂಬುತ್ತಿದ್ದವನು ಗ್ರಾಮ ಲೆಕ್ಕಿಗ.

ಈಗಿನವರಿಗೆ ಇದರ ತೂಕ ಗೊತ್ತಾಗುವುದು ಕಷ್ಟ. ಇಪ್ಪತ್ತೆಂಟು ವರ್ಷದ ಹುಡುಗ ಕೊಡೆ ಹಿಡಿದುಕೊಂಡು ಗದ್ದೆಯ ಅಂಚಿನಲ್ಲಿ ನಿಂತಿದ್ದಾನೆ. ಒಡೆಯರ ಮನೆಯಿಂದ ಊಟಕ್ಕೆ ಕರೆ ಬಂದಿದೆ. ಉಳುವವನು ದೂರದಲ್ಲಿ ಕೈಕಟ್ಟಿ ನಿಂತಿದ್ದಾನೆ. ಆ ಊಟ ಉಂಡು ಬಂದ ಮೇಲೆ ಬರೆಯುವ ಹೆಸರೇ ಬೇರೆ, ಊಟ ಬಿಟ್ಟು ಬರೆಯುವ ಹೆಸರೇ ಬೇರೆ ಅಂತ ಊರೆಲ್ಲ ನೋಡುತ್ತಿರುತ್ತದೆ. ಎರಡೂ ಥರದವರನ್ನು ನಾನು ಕಂಡಿದ್ದೇನೆ. ನಿಮ್ಮ ತಂದೆಯ ಕಾರ್ಯಕ್ಕೆ ಹಿನ್ನೀರು ದಾಟಿ ಜನ ಬಂದಿದ್ದಾರೆ ಅಂದರೆ ಅವರು ಯಾವ ಥರದವರು ಅಂತ ನನಗೆ ಹೊಳೆಯುತ್ತದೆ. ಆದರೂ ನೀವು ಹೋಗಿ ಕೇಳಬೇಕು.

ಹೇಗೆ ಕೇಳುವುದು ಅಂದರೆ, ಮೊದಲು ಅವರು ಯಾವ ಯಾವ ವೃತ್ತದಲ್ಲಿ ಇದ್ದರು, ಎಷ್ಟು ವರ್ಷ ಅಂತ ಒಂದು ಪಟ್ಟಿ ಮಾಡಿ. ವರ್ಗಾವಣೆ ಆದೇಶಗಳು ಇವೆ ಅಂದಿರಲ್ಲ, ಅದರಲ್ಲೇ ಮುಕ್ಕಾಲು ಸಿಗುತ್ತದೆ. ಎಸ್‌.ಆರ್. ಬುಕ್ಕಿನ (ಸೇವಾ ಪುಸ್ತಕದ) ನಕಲು ಮನೆಯಲ್ಲಿ ಇದ್ದರೆ ಇನ್ನೂ ಒಳ್ಳೇದು. ಆ ಕಾಲದಲ್ಲಿ ಅವರ ಜೊತೆ ಓಡಾಡಿದವರು ಯಾರು? ಲೆಕ್ಕಿಗರ ಕೆಲಸಕ್ಕೆ ಸಹಾಯಕನಾಗಿ ಉಗ್ರಾಣಿ ಒಬ್ಬ ಇರುತ್ತಿದ್ದ. ಆತ ಬದುಕಿದ್ದರೆ ಮೊದಲು ಅವನ ಮನೆಗೆ ಹೋಗಿ. ಸಾಹೇಬರು ಎಲ್ಲಿ ಕೂತರು, ಎಲ್ಲಿ ಉಂಡರು, ಯಾರ ಮೇಲೆ ರೇಗಿದರು, ಎಲ್ಲ ಅವನಿಗೆ ಗೊತ್ತಿರುತ್ತದೆ. ಆತ ಇಲ್ಲದಿದ್ದರೆ ಅವನ ಹೆಂಡತಿ, ಮಕ್ಕಳು.

ಕೊನೆಯದು ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರಲ್ಲ, ಆಗ ಒಂದೊಂದು ಪ್ರಿಂಟನ್ನೂ ಕೈಬರಹದ ಪುಸ್ತಕದ ಪಕ್ಕ ಇಟ್ಟುಕೊಂಡು ತಾಳೆ ನೋಡಿದವರು ನಮ್ಮಂಥವರು. ರಾತ್ರಿ ಹೊತ್ತು ತಾಲ್ಲೂಕು ಕಚೇರಿಯಲ್ಲಿ ಕೂತು ನೋಡಿದ್ದೇವೆ. ಆ ವರ್ಷಗಳಲ್ಲಿ ನಿಮ್ಮ ತಂದೆ ಮನೆಗೆ ಎಷ್ಟು ಹೊತ್ತಿಗೆ ಬರುತ್ತಿದ್ದರು ಅಂತ ನಿಮ್ಮ ತಾಯಿಯನ್ನು ಕೇಳಿ ನೋಡಿ.


ವೇದಾವತಿ ದಂಡೆ:

ಅಕ್ಕಾ, ನಿಮ್ಮ ಬರಹ ಓದಿ ನಮ್ಮ ತಾತ ನೆನಪಾದರು. ನಾನು ಹಿರಿಯೂರು ಕಡೆಯವನು. ತಾತ ಆರೋಗ್ಯ ಇಲಾಖೆಯಲ್ಲಿ ಸಿಡುಬಿನ ಲಸಿಕೆ ಹಾಕುತ್ತಿದ್ದವರು. ನಮ್ಮ ಕಡೆ ಅದಕ್ಕೆ ದೇವಿ ಹಾಕೋದು ಅಂತಲೇ ಹೇಳುತ್ತಾರೆ. ಅವರು ಹೋದ ಮೇಲೆ ನಾನೂ ಹೀಗೇ ಬರೆಯಲು ಕೂತೆ. ನಿಮ್ಮ ಹಾಗೇ ಕಾಗದ ಪತ್ರ ಕಮ್ಮಿ.

ಆಗ ನಮ್ಮ ಅತ್ತೆ ಒಂದು ದಾರಿ ಹೇಳಿದರು. 'ಅವರು ಓಡಾಡಿದ ಹಳ್ಳಿಗಳಿಗೆ ಹೋಗು, ಅರವತ್ತು ದಾಟಿದವರ ತೋಳು ನೋಡು' ಅಂದರು. ಹೋದೆ. ಎಷ್ಟು ಜನ ಸೆರಗು ಸರಿಸಿ, ಅಂಗಿ ಮಡಚಿ ತೋಳು ತೋರಿಸಿದರು! ಕೆಲವರಿಗೆ ದೊಡ್ಡ ದೊಡ್ಡ ಗುಂಡನೆ ಕಲೆ. ಹಳೇ ಕಾಲದಲ್ಲಿ ಚರ್ಮದ ಮೇಲೆ ಇಟ್ಟು ತಿರುಗಿಸುವ ಮೊನೆ ಇರುತ್ತಿತ್ತಂತೆ, ಅದರ ಗುರುತು. ಆಮೇಲೆ ಎರಡು ಕವಲಿನ ಸೂಜಿ ಬಂತು, ಅದರಲ್ಲಿ ಹದಿನೈದು ಸಲ ಚುಚ್ಚಬೇಕು, ಅದರ ಕಲೆ ಸಣ್ಣದು. ಕಲೆ ನೋಡಿದರೆ ಯಾವ ಕಾಲದಲ್ಲಿ ಹಾಕಿಸಿಕೊಂಡರು ಅಂತ ಅಂದಾಜು ಸಿಗುತ್ತಿತ್ತು. ಒಬ್ಬ ಅಜ್ಜಿ 'ನಿಮ್ಮ ತಾತ ಬರ್ತಾರೆ ಅಂದ್ರೆ ನಾವೆಲ್ಲ ಸೊಪ್ಪೆ ಬಣವೆ ಹಿಂದೆ ಅವಿತುಕೊಳ್ತಿದ್ವಿ, ಅವರು ಅಲ್ಲೇ ನೆಲದ ಮೇಲೆ ಕೂತು ಬೆಲ್ಲ ತಿಂತಾ ಕಾಯ್ತಿದ್ರು' ಅಂದರು. ಆ ಬೆಲ್ಲ ಮಕ್ಕಳಿಗೆ ಅಂತ ತಂದದ್ದು. ಒಬ್ಬೊಬ್ಬರೇ ಬೆಲ್ಲಕ್ಕೆ ಹೊರಗೆ ಬರುತ್ತಿದ್ದರಂತೆ.

ಇದು ಯಾವ ಫೈಲಿನಲ್ಲಿ ಸಿಗುತ್ತದೆ ಹೇಳಿ? 1975ರ ಆಮೇಲೆ ದೇಶದಲ್ಲಿ ಸಿಡುಬು ಬರಲಿಲ್ಲ, 1977ರಲ್ಲಿ ಸಿಡುಬು ಹೋಯಿತು ಅಂತ ಅಧಿಕೃತವಾಗಿ ಹೇಳಿದರು. ತಾತನಿಗೆ ಅದರ ಬಗ್ಗೆ ತುಂಬಾ ಹೆಮ್ಮೆ ಇತ್ತು ಅಂತ ನನಗೆ ಈಗ ಅನಿಸುತ್ತದೆ, ಆದರೆ ಬಾಯಿಬಿಟ್ಟು ಒಂದು ದಿನ ಹೇಳಿದವರಲ್ಲ.

ನನ್ನ ಅನುಭವದಿಂದ ಹೇಳುವುದು ಇಷ್ಟು. ನಿಮ್ಮ ಅಮ್ಮನ ಮಾತನ್ನು ಈಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿ. 'ಅಪ್ಪನ ಬಗ್ಗೆ ಹೇಳು' ಅಂದರೆ ಅವರು ಅಳುತ್ತಾರೆ, ಅಥವಾ ಒಳ್ಳೆಯವರಿದ್ದರು ಅಂತ ಎರಡು ಮಾತು ಹೇಳಿ ಸುಮ್ಮನಾಗುತ್ತಾರೆ. ಹಾಗೆ ಕೇಳಬೇಡಿ. ಮೊದಲ ಸಂಬಳದಲ್ಲಿ ಏನು ತಂದರು, ಮಳೆಗಾಲದಲ್ಲಿ ಬಟ್ಟೆ ಹೇಗೆ ಒಣಗಿಸುತ್ತಿದ್ದಿರಿ, ಬಾಡಿಗೆ ಮನೆಗಳು ಯಾವ್ಯಾವು, ನಿಮಗೆ ಅವರ ಮೇಲೆ ಜಾಸ್ತಿ ಸಿಟ್ಟು ಬಂದದ್ದು ಯಾವಾಗ, ಹೀಗೆ ಕೇಳಿ. ಅಡುಗೆ ಮನೆಯಲ್ಲಿ ಕೆಲಸ ಮಾಡುತ್ತಾ ಮಾತಾಡಿಸಿದರೆ ಇನ್ನೂ ಚೆನ್ನಾಗಿ ಬರುತ್ತದೆ. ಮೊಮ್ಮಕ್ಕಳು ಕೇಳಿದರಂತೂ ನಿಮಗೆ ಹೇಳದ್ದನ್ನೆಲ್ಲ ಹೇಳುತ್ತಾರೆ. ಅವರು ಹೇಳಿದ ಹಾಗೆಯೇ, ಅವರ ಮಾತಿನಲ್ಲೇ ಬರೆಯಿರಿ, ತಿದ್ದಬೇಡಿ.


ಕಾಗದ ಪತ್ರ:

ಸಂತಾಪಗಳು ಮೇಡಂ. ನಾನು ಗ್ರಂಥಾಲಯದಲ್ಲಿ ಹಳೇ ಪುಸ್ತಕ ಕಾಪಾಡುವ ಕೆಲಸ ಮಾಡುತ್ತೇನೆ. ಡೈರಿ, ಫೋಟೋಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಸಾಗರದ ಮಳೆಗಾಲ ಗೊತ್ತಲ್ಲ, ಕಪಾಟಿನೊಳಗೂ ಬೂಷ್ಟು ಹಿಡಿಯುತ್ತದೆ. ಒದ್ದೆ ವಾಸನೆ ಇದ್ದರೆ ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ಫ್ಯಾನಿನ ಕೆಳಗೆ ಹರವಿ ಒಣಗಿಸಿ. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ. ಒಂದು ಸಲ ಮಾಡಿದರೆ ವಾಪಸ್ ತೆಗೆಯಲು ಆಗುವುದಿಲ್ಲ, ಒಳಗೇ ಕಾಗದ ಹಾಳಾಗುತ್ತದೆ. ಹರಿದದ್ದಕ್ಕೆ ಸೆಲೋಟೇಪ್ ಸಹ ಹಚ್ಚಬೇಡಿ, ಕೆಲವು ವರ್ಷಕ್ಕೆ ಅಂಟು ಹಳದಿಯಾಗಿ ಕಾಗದಕ್ಕೆ ಇಳಿಯುತ್ತದೆ. ಫೋಟೋ ಹಿಂದೆ ಪೆನ್ನಿನಲ್ಲಿ ಒತ್ತಿ ಬರೆಯಬೇಡಿ. ಮೆತ್ತಗೆ ಪೆನ್ಸಿಲ್ಲಿನಲ್ಲಿ ನಂಬರ್ ಹಾಕಿ, ಬೇರೆ ಪುಸ್ತಕದಲ್ಲಿ ಆ ನಂಬರಿಗೆ ಯಾರು, ಎಲ್ಲಿ ಅಂತ ಬರೆದುಕೊಳ್ಳಿ. ಎಡಗಡೆ ನಿಂತಿರುವುದು ಯಾರು ಅಂತ ಹೇಳಬಲ್ಲವರು ಈಗ ಇದ್ದಾರೆ, ಅವರ ಹತ್ತಿರ ಫೋಟೋ ತೆಗೆದುಕೊಂಡು ಹೋಗುವ ಕೆಲಸ ಮೊದಲು ಆಗಲಿ.

ಡೈರಿಯಲ್ಲಿ ಮೂರು ನಾಲ್ಕು ಮಾತೇ ಇದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಅವನ್ನೆಲ್ಲ ದಿನಾಂಕದ ಪ್ರಕಾರ ಒಂದೇ ಕಡೆ ಟೈಪ್ ಮಾಡಿ ನೋಡಿ. ಯಾವ ತಿಂಗಳು ಯಾವ ಊರು, ಯಾವ ಊರಿಗೆ ಪದೇ ಪದೇ ಹೋಗಿದ್ದಾರೆ ಅಂತ ಗೊತ್ತಾಗುತ್ತದೆ. ಅದೇ ನೀವು ವಿಚಾರಿಸಬೇಕಾದ ಊರು.

ಇನ್ನೊಂದು ವಿಷಯ. ಬೇರೆಯವರ ಜಮೀನಿನ ತಕರಾರು, ಸರ್ವೆ ನಂಬರ್ ಇರುವ ಕಾಗದಗಳನ್ನು ಪುಸ್ತಕದಲ್ಲಿ ಹಾಕಬೇಡಿ. ಐವತ್ತು ವರ್ಷ ಆದರೂ ಅಣ್ಣತಮ್ಮಂದಿರ ಮನೆಗಳ ನಡುವೆ ಅದು ಇನ್ನೂ ಬಿಸಿಯಾಗೇ ಇರುತ್ತದೆ.


ಕಡಲ ಕಡೆಯವಳು:

ನಾನು ಕುಂದಾಪುರ ಕಡೆಯವಳು. ಒಂದು ಬೇರೆ ಮಾತು ಹೇಳಬೇಕು, ನೋವಾಗುವ ಹಾಗೆ ಅಲ್ಲ.

1974ರ ಕಾನೂನಿನಲ್ಲಿ ನಮ್ಮ ಅಮ್ಮಮ್ಮನ ಗದ್ದೆ ಹೋಯಿತು. ಅವರು ದೊಡ್ಡ ಒಡೆಯರೇನಲ್ಲ. ಗಂಡ ತೀರಿಕೊಂಡ ಮೇಲೆ ಉಳಲು ಜನ ಇಲ್ಲದೆ ಇದ್ದ ಸ್ವಲ್ಪ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದರು. ಅದೇ ಅಕ್ಕಿ, ಅದೇ ಊಟ. ಅದು ಹೋದ ಮೇಲೆ ಮನೆಯಲ್ಲಿ ಕಷ್ಟ ಇತ್ತು, ಮತ್ತು ನಮ್ಮ ಮನೆಯ ಸಿಟ್ಟೆಲ್ಲ ಆಗಿನ ಲೆಕ್ಕಿಗರ ಮೇಲೆ ಇತ್ತು. ಹೆಸರು ಬರೆದವರು ಅವರು ತಾನೇ. ಕಾನೂನು ಬೆಂಗಳೂರಿನಲ್ಲಿ ಆದದ್ದು, ಆದರೆ ಬೈಗುಳ ತಿಂದದ್ದು ಎದುರಿಗೆ ಬಂದವರು.

ಆದರೆ ಅದೇ ಲೆಕ್ಕಿಗರು ಆಮೇಲೂ ಮನೆಗೆ ಬರುತ್ತಿದ್ದರು. ಅಮ್ಮಮ್ಮ ಮಾತಾಡುತ್ತಿರಲಿಲ್ಲ. ಅವರು ಜಗಲಿಯಲ್ಲಿ ಕೂತು ಪರಿಹಾರದ ಅರ್ಜಿ ತಾವೇ ಬರೆದು, ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಅಂತ ತೋರಿಸಿ, ನೀರು ಸಹ ಕುಡಿಯದೆ ಹೋಗುತ್ತಿದ್ದರು. ಆಮೇಲೆ ವಿಧವಾ ವೇತನದ ಕಾಗದವನ್ನೂ ಅವರೇ ಮಾಡಿಸಿದರು. ಅಮ್ಮಮ್ಮ ಸಾಯುವ ಮೊದಲು ಒಂದು ಸಲ 'ಆ ಮನುಷ್ಯ ಮಾಡಿದ್ದು ಸಮ ಇತ್ತು, ನನಗೆ ಆದದ್ದು ಸಮ ಇರಲಿಲ್ಲ' ಅಂದದ್ದು ನನಗೆ ನೆನಪಿದೆ. ಎರಡೂ ನಿಜ.

ಅದಕ್ಕೇ ಹೇಳುವುದು, ಭೂಮಿ ಸಿಕ್ಕವರ ಮನೆಗೆ ಮಾತ್ರ ಹೋಗಬೇಡಿ. ಹೋದವರ ಮನೆಗೂ ಹೋಗಿ. ಅವರು ನಿಮ್ಮ ಅಪ್ಪನ ಬಗ್ಗೆ ಏನು ಹೇಳುತ್ತಾರೆ ಅನ್ನುವುದಕ್ಕೆ ನನ್ನ ಕಣ್ಣಿನಲ್ಲಿ ಜಾಸ್ತಿ ಬೆಲೆ. ಬಾಗಿಲು ಹಾಕಿಕೊಂಡರೂ ಪರವಾಗಿಲ್ಲ, ಹೋಗಿ ಬನ್ನಿ.


ಪಿಂಚಣಿ ಮಾಹಿತಿ:

ಪುಸ್ತಕದ ಮಾತಿನ ನಡುವೆ ಇದನ್ನು ಹೇಳುವುದಕ್ಕೆ ಕ್ಷಮಿಸಿ, ಆದರೆ ಅಮ್ಮನ ಕುಟುಂಬ ಪಿಂಚಣಿ ಕೆಲಸ ಶುರುವಾಯಿತಾ? ಮರಣ ಪ್ರಮಾಣಪತ್ರ, ಅಪ್ಪನ ಪಿ.ಪಿ.ಓ. (ಪಿಂಚಣಿ ಪಾವತಿ ಆದೇಶ) ಪುಸ್ತಕ, ಅಮ್ಮನ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಹಿಡಿದುಕೊಂಡು ಅಪ್ಪನಿಗೆ ಪಿಂಚಣಿ ಬರುತ್ತಿದ್ದ ಬ್ಯಾಂಕ್ ಶಾಖೆಗೆ ಹೋಗಿ. ಪಿ.ಪಿ.ಓ.ನಲ್ಲೇ ಅಮ್ಮನ ಹೆಸರು ಇದ್ದರೆ ಕೆಲಸ ಸುಲಭ. ಹೆಸರಿನ ಅಕ್ಷರ, ಹುಟ್ಟಿದ ದಿನಾಂಕ ಆಧಾರ್ ಜೊತೆ ಹೊಂದುತ್ತದಾ ಅಂತ ಮೊದಲೇ ನೋಡಿಕೊಳ್ಳಿ, ಹಳೇ ಕಾಲದ ಹೆಂಗಸರ ದಾಖಲೆಯಲ್ಲಿ ಇದೇ ತೊಂದರೆ ಜಾಸ್ತಿ. ಕುಟುಂಬ ಪಿಂಚಣಿ ಸಾಮಾನ್ಯವಾಗಿ ಮೂಲ ವೇತನದ ಶೇಕಡಾ 30ರ ಲೆಕ್ಕದಲ್ಲಿ ಬರುತ್ತದೆ. ತೀರಿಕೊಂಡ ಮೇಲೆ ಅಪ್ಪನ ಖಾತೆಗೆ ಪಿಂಚಣಿ ಜಮಾ ಆಗಿದ್ದರೆ ಅದನ್ನು ತೆಗೆಯಬೇಡಿ, ವಾಪಸ್ ಹೋಗಬೇಕಾದ ಹಣ ಅದು.


ಸಾಗರದ ಮಗಳು:

ಎಲ್ಲರಿಗೂ ಕೈಮುಗಿದು ನಮಸ್ಕಾರ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಪಿಂಚಣಿ ಕೆಲಸ ತಮ್ಮ ನೋಡಿಕೊಳ್ಳುತ್ತಿದ್ದಾನೆ, ಪಿ.ಪಿ.ಓ.ನಲ್ಲಿ ಅಮ್ಮನ ಹೆಸರು ಇದೆ.

ದಫ್ತರದ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ನಮ್ಮ ಅಜ್ಜ, ಅಂದರೆ ಅಪ್ಪನ ಅಪ್ಪ, ಗೇಣಿ ಮಾಡುತ್ತಿದ್ದವರು. ಇದು ಗೊತ್ತಿತ್ತು. ಆದರೆ 1951ರಲ್ಲಿ ಗೇಣಿದಾರರು ನಡೆಸಿದ ಕಾಗೋಡು ಸತ್ಯಾಗ್ರಹದ ಹೊತ್ತಿಗೆ ಅಪ್ಪನಿಗೆ ಐದು ವರ್ಷ, ಗೇಣಿ ಅಳೆಯುವ ಕೊಳಗದ ಜಗಳ ಮನೆಮನೆಯಲ್ಲೂ ಮಾತಾಗಿತ್ತು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನ ಆದದ್ದನ್ನೆಲ್ಲ ಅಜ್ಜ ಸಾಯುವ ತನಕ ಹೇಳುತ್ತಿದ್ದರು ಅಂತ ಅಮ್ಮ ಈಗ ಹೇಳಿದರು. ಹಾಗೆ ಬೆಳೆದ ಹುಡುಗ ದೊಡ್ಡವನಾಗಿ ಅದೇ ತಾಲ್ಲೂಕಿನಲ್ಲಿ 12ನೇ ಕಾಲಂ ಬರೆದದ್ದು! ನಾವು ಅದೇ ಮನೆಯಲ್ಲಿ ಬೆಳೆದೂ ಇದನ್ನು ಜೋಡಿಸಿ ನೋಡಿರಲಿಲ್ಲ.

ವೇದಾವತಿ ದಂಡೆಯವರು ಹೇಳಿದ ಹಾಗೆ ನನ್ನ ಮಗನ ಕೈಲಿ ಅಮ್ಮನನ್ನು ಮಾತಾಡಿಸಿದೆ. ಮಳೆಗಾಲದ ಬಟ್ಟೆ ಕೇಳಿದ್ದೇ ತಡ, ಶುರು ಮಾಡಿದರು. ಕಂಬಳಿ ಕೊಪ್ಪೆ ಹಾಕಿಕೊಂಡು ಹೋಗುತ್ತಿದ್ದರಂತೆ, ಪಹಣಿ ಪುಸ್ತಕಕ್ಕೆ ಮಾತ್ರ ಪ್ಲಾಸ್ಟಿಕ್ ಸುತ್ತಿ ಬಗಲಲ್ಲಿ. ಅಪ್ಪ ಒದ್ದೆ, ಪುಸ್ತಕ ಒಣ. ಕಾಲಿಗೆ ಉಂಬಳ (ಜಿಗಣೆ) ಹತ್ತಿದ್ದನ್ನು ಅಮ್ಮ ಸುಣ್ಣ ಹಚ್ಚಿ ಬಿಡಿಸುತ್ತಿದ್ದರಂತೆ. ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ಶಾಲೆಯ ಜಗಲಿಯಲ್ಲಿ ಮಲಗುವುದು. ಯಾರ ಮನೆಗೂ ಹೋಗುತ್ತಿರಲಿಲ್ಲ, ತನಿಖೆ ಮುಗಿಯುವ ತನಕ ಯಾರ ಮನೆಯಲ್ಲೂ ಊಟ ಇಲ್ಲ, ಅವಲಕ್ಕಿ ಕಟ್ಟಿಕೊಂಡು ಹೋಗುತ್ತಿದ್ದರು. ನೀವು ಊಟದ ಬಗ್ಗೆ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ ಅಣ್ಣಾ. 'ಹೌದು, ಅದಕ್ಕೇ ಅವಲಕ್ಕಿ' ಅಂದರು.

ಮತ್ತೆ ಆ ವಯಸ್ಸಾದ ಹೆಂಗಸು. ನಮ್ಮ ಮಕ್ಕಳು ಅವರನ್ನು ಜೋನಿಬೆಲ್ಲದ (ನೀರುಬೆಲ್ಲದ) ಅಜ್ಜಿ ಅಂತಲೇ ಕರೆಯುವುದಂತೆ! ಅಪ್ಪ ನಿವೃತ್ತರಾದ ಮೇಲೆ ಆಲೆಮನೆ ಹೊತ್ತಿಗೆ ಒಂದು ಡಬ್ಬ ಬೆಲ್ಲ ತರುತ್ತಿದ್ದರು, ಅಪ್ಪ ದುಡ್ಡು ಕೊಡದೆ ತೆಗೆದುಕೊಳ್ಳುತ್ತಿರಲಿಲ್ಲ, ಇದು ಪ್ರತಿ ವರ್ಷದ ಜಗಳ. ನಾನು ಮದುವೆಯಾಗಿ ದೂರ ಹೋದವಳು, ರಜೆಗೆ ಬಂದ ಮಕ್ಕಳಿಗೆ ಗೊತ್ತಿತ್ತು, ನನಗೆ ಇಲ್ಲ. ಅಮ್ಮ ಹೇಳಿದ್ದು: ಆ ಹೆಂಗಸಿಗೆ ಚಿಕ್ಕ ವಯಸ್ಸಿನಲ್ಲೇ ಗಂಡ ಹೋಗಿದ್ದರು. ನಮೂನೆ 7 ಅನ್ನು ಮೈದುನ ತನ್ನೊಬ್ಬನ ಹೆಸರಿನಲ್ಲಿ ಹಾಕಿದ್ದ. ಅಪ್ಪ ಮಹಜರಿಗೆ, ಅಂದರೆ ಸ್ಥಳದಲ್ಲೇ ಸಾಕ್ಷಿ ಕೇಳಿ ಬರೆದುಕೊಳ್ಳಲು ಹೋದಾಗ ಗಂಡಸರೆಲ್ಲ ಮೈದುನನ ಹೆಸರು ಹೇಳಿದರು. ಅಪ್ಪ ಅಷ್ಟಕ್ಕೇ ಎದ್ದು ಬರಲಿಲ್ಲ. ಪಕ್ಕದ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೆಂಗಸರನ್ನು ಕರೆದು, ಈ ಗದ್ದೆಗೆ ಇಳಿದವರು ಯಾರು, ಸಸಿ ಮಡಿ ಹಾಕಿದವರು ಯಾರು ಅಂತ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಂಡರು. ಅವರ ಹೆಬ್ಬೆಟ್ಟು ತೆಗೆದುಕೊಂಡರು. ತೀರ್ಮಾನ ಮಾಡಿದ್ದು ನ್ಯಾಯಮಂಡಳಿ. ಆದರೆ ಆ ಹೆಬ್ಬೆಟ್ಟುಗಳು ಇಲ್ಲದಿದ್ದರೆ ಹೆಂಗಸಿನ ಪಾಲಿಗೆ ಏನೂ ಇರುತ್ತಿರಲಿಲ್ಲ. ಕೊನೆಗೆ ಅವರ ಹೆಸರಿಗೂ ಹತ್ತನೇ ನಮೂನೆಯ ಹಕ್ಕುಪತ್ರ ಬಂತು.

ಇದನ್ನು ಬರೆಯುವಾಗ ನನಗೆ ಕಣ್ಣೀರು ನಿಲ್ಲುತ್ತಿಲ್ಲ. ನನ್ನನ್ನು ಓದಿಸುವಾಗ ನೆಂಟರೆಲ್ಲ ಬೇಡ ಅಂದಾಗಲೂ ಅಪ್ಪ ಹೀಗೇ ಗಟ್ಟಿಯಾಗಿ ಕೂತಿದ್ದರು.

ಕುಂದಾಪುರದ ಅಕ್ಕಾ, ನಿಮ್ಮ ಅಮ್ಮಮ್ಮನ ಮಾತು ನಾನು ಬರೆದಿಟ್ಟುಕೊಂಡಿದ್ದೇನೆ. ಭೂಮಿ ಹೋದ ಎರಡು ಮನೆಗಳ ಹೆಸರು ಅಮ್ಮ ಹೇಳಿದ್ದಾರೆ. ಹೋಗುತ್ತೇವೆ. ಆ ಮೈದುನನ ಮಕ್ಕಳ ಮನೆಗೂ ಹೋಗುತ್ತೇವೆ.

ಇನ್ನೊಂದು ಹೇಳಬೇಕು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಶುರುವಾಯಿತಲ್ಲ, ಆಗ ಅಪ್ಪನಿಗೆ ನಡೆಯಲು ಕಷ್ಟ ಇತ್ತು. ಆದರೂ ಕರೆದುಕೊಂಡು ಹೋಗು ಅಂತ ತಮ್ಮನಿಗೆ ಹಟ ಮಾಡಿದ್ದರು. ಸೇತುವೆಯ ನಡುವೆ ಕಾರು ನಿಧಾನ ಮಾಡಿಸಿ, ನೀರಿನೊಳಗೆ ಎಲ್ಲೆಲ್ಲಿ ಯಾವ ಊರು ಇತ್ತು ಅಂತ ಮೊಮ್ಮಗನಿಗೆ ತೋರಿಸುತ್ತಾ ಹೋದರಂತೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಮುಳುಗಿದ ಊರುಗಳು. ಅಲ್ಲಿಂದ ಎದ್ದು ಬಂದವರಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಕೂತ ಜಾಗದ ಹಕ್ಕುಪತ್ರ ಇಲ್ಲ. ಅಪ್ಪನಿಗೆ ಕೊನೆ ತನಕ ಇದ್ದ ಕೊರಗು ಅದು. ನಿವೃತ್ತರಾದ ಮೇಲೂ ಯಾರಾದರೂ ಕಾಗದ ಹಿಡಿದು ಬಂದರೆ ಜಗಲಿಯಲ್ಲಿ ಕೂರಿಸಿಕೊಂಡು ಅರ್ಜಿ ಬರೆದುಕೊಡುತ್ತಿದ್ದರು. ಮಗನ ಫೋನಿನಲ್ಲಿ ಆ ದಿನದ ವಿಡಿಯೋ ಸ್ವಲ್ಪ ಇದೆ, ಅಪ್ಪನ ಬೆರಳು, ನೀರು, ಊರುಗಳ ಹೆಸರು ಹೇಳುವ ಧ್ವನಿ. ಅದನ್ನು ಮೊದಲು ಬೇರೆ ಕಡೆ ಕಾಪಿ ಮಾಡಿ ಇಟ್ಟಿದ್ದೇನೆ.

ತುಮರಿ, ಬ್ಯಾಕೋಡು, ಕರೂರು ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಮನೆಯ ಹಿರಿಯರಿಗೆ 1970ರ ದಶಕದ ಲೆಕ್ಕಿಗರ ನೆನಪು ಇದ್ದರೆ ತಿಳಿಸಿ. ಒಳ್ಳೇದೇ ಇರಲಿ, ಬೇಸರದ್ದೇ ಇರಲಿ.


ದಫ್ತರದವರು:

ತಂಗೀ, ನಾಟಿ ಹೆಂಗಸರ ಹೆಬ್ಬೆಟ್ಟು ತೆಗೆದುಕೊಂಡ ಲೆಕ್ಕಿಗರನ್ನು ನನ್ನ ಸರ್ವೀಸಿನಲ್ಲಿ ನಾನು ನೋಡಿಲ್ಲ. ಮಹಜರು ಅಂದರೆ ಗಂಡಸರ ಸಹಿ ಅಂತಲೇ ನಡೆಯುತ್ತಿತ್ತು. ಇದನ್ನು ಪುಸ್ತಕದಲ್ಲಿ ಚಿಕ್ಕದು ಮಾಡಬೇಡಿ. ಪುಸ್ತಕ ಆದಾಗ ನನಗೊಂದು ಪ್ರತಿ ಬೇಕು, ಈಗ ಕೆಲಸದಲ್ಲಿರುವ ಹುಡುಗ ಹುಡುಗಿಯರಿಗೆ ಓದಿಸುತ್ತೇನೆ.


ಹೊಳೆ ಆಚೆ ಮನೆ:

ಅಕ್ಕಾ, ನಮ್ಮದು ಬ್ಯಾಕೋಡು ಹತ್ತಿರ. ನಿಮ್ಮ ಅಪ್ಪನ ಹೆಸರು ನೀವು ಹಾಕಿಲ್ಲ, ಆದರೆ ಅವಲಕ್ಕಿ ಲೆಕ್ಕಿಗರು ಅಂದ ಕೂಡಲೇ ನಮ್ಮ ದೊಡ್ಡಪ್ಪ ಗುರುತು ಹಿಡಿದರು. ಶಾಲೆ ಜಗಲಿಯಲ್ಲಿ ಮಲಗಿದವರಿಗೆ ರಾತ್ರಿ ಲಾಟೀನು ತಂದು ಕೊಡುತ್ತಿದ್ದವರು ಇವರೇ ಅಂತೆ. ಕಂಬಳಿ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಊಟ ಕೊಟ್ಟರೆ ಇಲ್ಲ ಅಂದರು. ದೊಡ್ಡಪ್ಪನಿಗೆ ಈಗ 88 ವರ್ಷ, ಕಿವಿ ಸ್ವಲ್ಪ ಮಂದ, ನೆನಪು ಚೆನ್ನಾಗಿದೆ. ಬೆಳಗ್ಗೆ ಹೊತ್ತು ಬನ್ನಿ, ಮಧ್ಯಾಹ್ನದ ಮೇಲೆ ಸುಸ್ತಾಗುತ್ತಾರೆ. ಅಮ್ಮನನ್ನೂ ಕರೆದುಕೊಂಡು ಬನ್ನಿ, ಈಗ ಸೇತುವೆ ಇದೆಯಲ್ಲ. ಊಟ ನಮ್ಮ ಮನೆಯಲ್ಲೇ.